ತೊಳೆದವರು ಯಾರು?

ಎಂಥ ಹಳೆಯ ವಸ್ತುವನ್ನು ಮುಂದಿಟ್ಟರೂ ನಮ್ಮ ದೊಡ್ಡಮ್ಮ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇದನ್ನ ತೊಳೆದವರು ಯಾರು?"

ವಸ್ತು ಸಂಗ್ರಹಾಲಯದ ಹಿಂಬದಿಯಲ್ಲಿ, ಗೋದಾಮಿಗೂ ಶೌಚಾಲಯಕ್ಕೂ ನಡುವೆ ಒಂದು ಪ್ರಯೋಗಾಲಯವಿತ್ತು. ಅವಳ ಕೆಲಸ ಅಲ್ಲಿ. ಪೆಟ್ಟಿಗೆ ಕಟ್ಟುವ ಕೆಲಸಕ್ಕೆಂದು ಸೇರಿದವಳು ನಿಧಾನವಾಗಿ ಲೋಹ ಪರೀಕ್ಷಿಸುವ ಮಿಷನ್ ನಡೆಸುವ ಹಂತಕ್ಕೆ ಬಂದಿದ್ದಳು. ನೋಡುವುದಕ್ಕೆ ಆ ಮಿಷನ್ ಕೂದಲು ಒಣಗಿಸುವ ಯಂತ್ರದ ಹಾಗಿತ್ತು, ಬೆಲೆ ಮಾತ್ರ ನಮ್ಮ ಬೀದಿಯನ್ನೇ ಕೊಳ್ಳುವಷ್ಟು. ನೆಲ ಅಗೆದಾಗ ಸಿಕ್ಕ ನಾಣ್ಯ, ಮಣಿ, ಕಂಚಿನ ಕನ್ನಡಿ ಯಾವುದೇ ಇರಲಿ, ಗೀರದೆ, ಕೊರೆಯದೆ, ಒಂದು ಚೂರೂ ಮುರಿಯದೆ ಅದರ ಮೇಲೆ ಎಕ್ಸ್‌-ರೇ ಬಿಟ್ಟರೆ ಬೆಳ್ಳಿ ಎಷ್ಟು, ತಾಮ್ರ ಎಷ್ಟು, ಸೀಸ ಎಷ್ಟು ಎಂದು ಪರದೆಯ ಮೇಲೆ ಸಾಲಾಗಿ ಬರುತ್ತಿತ್ತು. ಒಂದೊಂದು ಗಣಿಯ ಲೋಹಕ್ಕೂ ತನ್ನದೇ ಬೆರಕೆ ಇರುತ್ತದಂತೆ. ಆ ಬೆರಕೆ ನೋಡಿ ವಸ್ತುವಿನ ಹುಟ್ಟೂರು ಹೇಳುತ್ತಿದ್ದರು.

ಆದರೆ ಮಿಷನ್ನಿಗೆ ಒಂದು ದೋಷವಿತ್ತು. ಅದಕ್ಕೆ ಕಾಣುವುದು ಮೈಮೇಲಿನ ತೆಳು ಪದರ ಮಾತ್ರ. ಬೆಳ್ಳಿಯನ್ನು ಯಾರಾದರೂ ಹುಳಿ ಹಾಕಿ ಉಜ್ಜಿದ್ದರೆ ಮೇಲ್ಮೈಯ ತಾಮ್ರ ಕರಗಿಹೋಗಿ ಬೆರಕೆ ಬೆಳ್ಳಿಯೂ ಶುದ್ಧ ಬೆಳ್ಳಿಯ ವೇಷ ಹಾಕುತ್ತದೆ. ಅದಕ್ಕೇ ಆ ಪ್ರಶ್ನೆ. "ಬೆಳ್ಳಗಿರೋದೆಲ್ಲ ಹಾಲಲ್ಲ ಕಣ್ರೋ. ಮೊದಲು ತೊಳೆದವರನ್ನ ಹಿಡೀರಿ" ಎಂದು ಹೊಸದಾಗಿ ಬಂದವರನ್ನು ಗದರಿಸುತ್ತಿದ್ದಳು.

ಮನೆಯಲ್ಲೂ ಅದೇ ದರ್ಬಾರು. ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ ನಮ್ಮ ಮೂರು ಕೋಣೆ. ನನ್ನ ಅಮ್ಮನಿಗೆ ಆಸ್ಪತ್ರೆಯಲ್ಲಿ ಪಾಳಿ ಕೆಲಸವಾದ್ದರಿಂದ ನನ್ನನ್ನು ಬೆಳೆಸಿದ್ದು ಅಜ್ಜಿ ಮತ್ತು ಈ ದೊಡ್ಡಮ್ಮ. ಉಪ್ಪಿನ ಡಬ್ಬಿಗೂ ಚೀಟಿ, ಸಕ್ಕರೆ ಡಬ್ಬಿಗೂ ಚೀಟಿ, ಕಿಟಕಿಯಲ್ಲಿಟ್ಟ ಅವಳ ಕನ್ನಡಕದ ಮೇಲೆ ಕೈಯಿಟ್ಟರೆ "ಮುಟ್ಟಬೇಡ!" ನಾನು ಅವಳಿಗೆ 'ಮುಟ್ಟಬೇಡ ದೊಡ್ಡಮ್ಮ' ಎಂದೇ ಹೆಸರಿಟ್ಟಿದ್ದೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, "ಬಂದವರೆಲ್ಲ ಚೆನ್ನಾಗಿ ತೊಳಕೊಂಡು ಬಂದಿದ್ರು, ಒಳಗೇನಿದೆಯೋ ಗೊತ್ತಾಗ್ಲಿಲ್ಲ" ಎಂದು ನಗುತ್ತಿದ್ದಳು.

ಅವಳ ಬೆರಳಲ್ಲಿ ಒಂದು ಬೆಳ್ಳಿ ಉಂಗುರ ಸದಾ ಇರುತ್ತಿತ್ತು. ಕೆತ್ತನೆಯಿಲ್ಲ, ಕಲ್ಲಿಲ್ಲ, ತೇದು ಮಂಕಾದ ಬೋಳು ಉಂಗುರ. ಅದರ ಜೋಡಿ ನನ್ನ ಮಾವನದು, ಅಂದರೆ ದೊಡ್ಡಮ್ಮನ ತಮ್ಮನದು. ಮಾವನಿಗೆ ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ ಸಿಕ್ಕಿದಾಗ ಅಜ್ಜಿ ತನ್ನ ಒಡೆದ ಬೆಳ್ಳಿ ಲೋಟ ಕರಗಿಸಿ ಅಕ್ಕತಮ್ಮಂದಿರಿಬ್ಬರಿಗೂ ಒಂದೊಂದು ಉಂಗುರ ಮಾಡಿಸಿದಳು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂಬ ಗಾದೆಯನ್ನು ತಲೆಯಲ್ಲಿ ತುಂಬಿಕೊಂಡು, ಆ ಬಡಪಾಯಿ ಎಲ್ಲಿ ಬೆಳ್ಳಿ ಕದಿಯುತ್ತಾನೋ ಎಂದು ಮೂಸೆಯ ಮೇಲೆಯೇ ಬಗ್ಗಿ ಕಾವಲು ನಿಂತಿದ್ದಳಂತೆ. ಹಾಗೆ ಬಗ್ಗಿದಾಗ ಅವಳ ಕಿವಿಯ ಚಿನ್ನದ ಓಲೆಯೊಂದು ಕಳಚಿ ಕುದಿಯುವ ಬೆಳ್ಳಿಯೊಳಗೆ ಬಿತ್ತು. ಬಿತ್ತು ಎನ್ನುವುದು ಅಜ್ಜಿಯ ವಾದ. "ನಿಮ್ಮ ಓಲೆ ದಾರೀಲೆಲ್ಲೋ ಬಿದ್ದಿದೆ ತಾಯಿ, ಮೋರೀಲಿ ಹುಡುಕಿ" ಎಂದನಂತೆ ಅಕ್ಕಸಾಲಿ. ದೊಡ್ಡಮ್ಮನೂ ಅವನ ಕಡೆಗೇ.

"ಮೋರೀಲಿ ಬಿದ್ದಿದ್ದನ್ನ ಮೂಸೆಗೆ ಬಿತ್ತು ಅಂತೀಯಲ್ಲಮ್ಮ!"

"ಕಣ್ಣಾರೆ ಕಂಡಿದೀನಿ ಕಣೇ!"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಹಟ ಇಬ್ಬರಿಗೂ ಇತ್ತು. ಉಳಿದ ಒಂಟಿ ಓಲೆಯನ್ನು ಅಜ್ಜಿ ಸಾಕ್ಷಿಗೆಂದು ಬೀರುವಿನಲ್ಲಿ ಕಾಪಾಡಿದ್ದಳು. ಮನೆಗೆ ನೆಂಟರು ಬಂದರೆ ಸಾಕು, ಓಲೆ ಹೊರಗೆ ಬರುತ್ತಿತ್ತು, ಜಗಳ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ನಾನು ಹುಟ್ಟುವ ಮೊದಲೇ ಆ ಹಡಗಿನ ಇಂಜಿನ್ ಕೋಣೆಗೆ ಬೆಂಕಿ ಬಿತ್ತು. ಸತ್ತವರು ಹಲವರು. ಯಾರ ಮುಖ ಯಾರದೆಂದು ಹೇಳುವ ಹಾಗಿರಲಿಲ್ಲವಂತೆ. ಹಡಗಿನ ಕಂಪನಿಯವನೊಬ್ಬ ಬಂದು, ಸಣ್ಣ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು, ಅಜ್ಜಿಯ ಸಹಿ ಹಾಕಿಸಿಕೊಂಡು, ಕೊಟ್ಟ ನೀರನ್ನೂ ಕುಡಿಯದೆ ಮೆಟ್ಟಿಲಿಳಿದು ಹೋದ. ಡಬ್ಬಿಯಲ್ಲಿ ಇದ್ದದ್ದು ಒಂದು ಬೋಳು ಬೆಳ್ಳಿ ಉಂಗುರ.

"ಉಂಗುರ ಬಂತು, ಮಗ ಬರ್ಲಿಲ್ಲ. ಇಂಥ ಉಂಗುರ ಹಡಗಿಗೆ ಹತ್ತು ಜನರ ಕೈಲಿರುತ್ತೆ" ಎಂದಳು ಅಜ್ಜಿ. ಅಳಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ನಮ್ಮ ಮನೆಯಲ್ಲಿ ಸತ್ತವರ ಪಟ ಗೋಡೆಯ ಮೇಲೆ, ಬದುಕಿರುವವರದು ಬೀರುವಿನ ಮೇಲೆ. ಮಾವನ ಪಟವನ್ನು ದೊಡ್ಡಮ್ಮನೇ ಗೋಡೆಗೆ ಹಾಕಿದಳು. ಅಜ್ಜಿ ಬೇಡ ಎನ್ನಲಿಲ್ಲ, ಆದರೆ ಆ ಗೋಡೆಯ ಕಡೆ ಮುಖ ಮಾಡಿ ಕೂರುವುದನ್ನು ಬಿಟ್ಟಳು. ವಾರಕ್ಕೊಮ್ಮೆ ಮಾತ್ರ ತಪ್ಪದೆ ನಿಂಬೆಹಣ್ಣಿನ ಹೋಳು ಹಿಡಿದು ಆ ಉಂಗುರವನ್ನು ಫಳಫಳ ಉಜ್ಜುತ್ತಿದ್ದಳು.

"ಅವನದಲ್ಲ ಅಂತೀಯ, ಮತ್ತೆ ಉಜ್ಜೋದ್ಯಾಕೆ?" ಎಂದು ಒಮ್ಮೆ ಕೇಳಿದ್ದೆ.

"ಯಾರದಾದ್ರೇನು, ಕಪ್ಪಾಗಬಾರದು."

ಮಿಷನ್ ಕೈಯಲ್ಲೇ ಇತ್ತು. ಎರಡು ಉಂಗುರ ಪಕ್ಕಪಕ್ಕ ಇಟ್ಟು ನೋಡಿದ್ದರೆ ಒಂದೇ ಲೋಟದ ಬೆಳ್ಳಿಯೋ ಅಲ್ಲವೋ ಎಂದು ಒಂದು ಲೋಟ ಚಹಾ ಆರುವುದರೊಳಗೆ ತಿಳಿಯುತ್ತಿತ್ತು. ದೊಡ್ಡಮ್ಮ ನೋಡಲಿಲ್ಲ. ಅಜ್ಜಿಯೂ ಬಿಡುತ್ತಿರಲಿಲ್ಲ. "ನನ್ನ ಮಗನನ್ನ ಆ ಮಿಷನ್ ಕೆಳಗಿಡಬೇಡ" ಎನ್ನುತ್ತಿದ್ದಳು. ಸತ್ಯ ಗೊತ್ತಾಗದೆ ಇರಲಿ ಎಂದು ಇಬ್ಬರು ಹೆಂಗಸರು ಒಂದೇ ಸೂರಿನಡಿ ಅಷ್ಟು ವರ್ಷ ಕಾಲ ಹಾಕಿದರು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ಲೆಕ್ಕದ ಟೀಚರ್ ನಾನು, ಉತ್ತರ ಗೊತ್ತಾಗುವ ಲೆಕ್ಕವನ್ನು ಹಾಗೇ ಬಿಟ್ಟರೆ ಸಹಿಸುವವಳಲ್ಲ.

ಒಂದು ಬೇಸಿಗೆ ರಜೆಯಲ್ಲಿ ಅಜ್ಜಿ ತರಕಾರಿಗೆಂದು ಹೋದವಳು ಕತ್ತಲಾಗುವವರೆಗೂ ಬರಲಿಲ್ಲ. ಕೊನೆಗೆ ಬಸ್ ಕಂಡಕ್ಟರನೊಬ್ಬ ಕೈಹಿಡಿದು ಮಹಡಿ ಹತ್ತಿಸಿಕೊಂಡು ಬಂದ. ಮಾರುಕಟ್ಟೆಯಲ್ಲಿ ಯಾರದೋ ಬೆನ್ನು ಮಾವನ ಬೆನ್ನಿನ ಹಾಗೆ ಕಂಡಿತ್ತಂತೆ. ಅವನು ಹತ್ತಿದ ಬಸ್ಸನ್ನೇ ಹತ್ತಿ, ಕೊನೆಯ ನಿಲ್ದಾಣದ ತನಕ ಹಿಂದೆಯೇ ಹೋಗಿದ್ದಳು. ಅವನು ತಿರುಗಿ ನೋಡಿದಾಗ ಬೇರೆ ಯಾರೋ ಆಗಿದ್ದ. ಅಜ್ಜಿಯ ಚಪ್ಪಲಿ ಕಿತ್ತುಹೋಗಿತ್ತು. ಚೀಲದಲ್ಲಿ ತರಕಾರಿ ಹಾಗೇ ಬಾಡಿತ್ತು.

ಮರುದಿನ ಬೆಳಿಗ್ಗೆ ಅವಳೇ ಉಂಗುರ ತೆಗೆದು ದೊಡ್ಡಮ್ಮನ ಕೈಗಿಟ್ಟಳು. "ಕೇಳು ನಿನ್ನ ಮಿಷನ್ನನ್ನ. ಹೌದಂದ್ರೆ ಹೌದು, ಅಲ್ಲಂದ್ರೆ ಅಲ್ಲ. ಇನ್ನು ಬೆನ್ನು ಹಿಂಬಾಲಿಸೋಕೆ ನನ್ನ ಕಾಲಲ್ಲಿ ಶಕ್ತಿ ಇಲ್ಲ."

ಅವತ್ತು ದೊಡ್ಡಮ್ಮ ಮೆಟ್ಟಿಲು ಹತ್ತಿದ ಸದ್ದನ್ನು ನಾನು ಮರೆತಿಲ್ಲ. ಮಂಡಿ ನೋವಿನ ಹೆಂಗಸು ಓಡಿಕೊಂಡು ಬಂದಳು. "ಅಲ್ಲ! ಅಮ್ಮಾ, ಅವನದಲ್ಲ! ನನ್ನದ್ರಲ್ಲಿ ತಾಮ್ರ ಬೇಕಾದಷ್ಟಿದೆ, ಇದ್ರಲ್ಲಿ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಇದು ಬೇರೆ ಬೆಳ್ಳಿ!" ಬಾಗಿಲಲ್ಲೇ ಕುಸಿದು ಮಗುವಿನ ಹಾಗೆ ಅತ್ತಳು. ನಾನೂ ಅತ್ತೆ. ಪಟದಲ್ಲಿ ಬಿಟ್ಟರೆ ನಾನು ಮುಖವನ್ನೇ ನೋಡದ ಮಾವ ಎಲ್ಲೋ ಬದುಕಿದ್ದಾನೆ ಎನ್ನುವುದು ನನಗೆ ಅಷ್ಟು ಬೇಕಾಗಿತ್ತು ಎಂದು ಅವತ್ತೇ ತಿಳಿದದ್ದು.

ಅಜ್ಜಿ ಕುರ್ಚಿ ಎಳೆದುಕೊಂಡು ಹತ್ತಿ, ಗೋಡೆಯಿಂದ ಪಟ ಇಳಿಸಿ, ಸೆರಗಿನಲ್ಲಿ ಒರೆಸಿ, ಬೀರುವಿನ ಮೇಲೆ ನಮ್ಮೆಲ್ಲರ ಪಟಗಳ ನಡುವೆ ನಿಲ್ಲಿಸಿದಳು. ಆ ವಾರ ಅವಳು ಹಾಡು ಗುನುಗುತ್ತ ಪಾತ್ರೆ ತೊಳೆದಳು. ಡಬ್ಬಿಗಳ ಚೀಟಿ ನಾನು ಅದಲು ಬದಲು ಮಾಡಿದರೂ ದೊಡ್ಡಮ್ಮ ಬೈಯಲಿಲ್ಲ. ಅಂಥ ವಾರ ನಮ್ಮ ಮನೆಗೆ ಇನ್ನೊಮ್ಮೆ ಬರಲಿಲ್ಲ.

ಅಜ್ಜಿಗೆ ಸುಖವನ್ನು ಸುಮ್ಮನೆ ಅನುಭವಿಸಿ ಗೊತ್ತಿಲ್ಲ. ವಾರದ ಕೊನೆಗೆ, ಊಟದ ನಡುವೆ, ತಟ್ಟೆಯಲ್ಲಿ ಕೈ ನಿಲ್ಲಿಸಿ ಕೇಳಿದಳು: "ಹಾಗಾದ್ರೆ ಇದು ಇನ್ಯಾವಳ ಮಗನದು?"

ನಾವಿಬ್ಬರೂ ಅದನ್ನು ಯೋಚಿಸಿಯೇ ಇರಲಿಲ್ಲ.

"ಎಲ್ಲೋ ಒಬ್ಬಳು ತಾಯಿ ಅವನ ದಾರಿ ಕಾಯ್ತಾ ಕೂತಿರ್ತಾಳೆ. ಅವಳಿಗೆ ಹೋಗಬೇಕಾದ್ದನ್ನ ನಾನು ಇಷ್ಟು ವರ್ಷ ಬೀರುವಿನಲ್ಲಿ ಮುಚ್ಚಿಟ್ಕೊಂಡಿದೀನಲ್ಲೇ! ಯಾವ ಊರಿನ ಬೆಳ್ಳಿ ಅಂತ ನಿನ್ನ ಮಿಷನ್ ಹೇಳುತ್ತಲ್ಲ, ಕೇಳು. ಅವಳನ್ನ ಹುಡುಕು. ಸಿಕ್ಕಿದ್ರೆ ಅಂಚೇಲಿ ಕಳಿಸಬೇಡ. ನೀನೇ ಹೋಗು. ಆ ಕಂಪನಿಯವನ ಹಾಗೆ ಮೇಜಿನ ಮೇಲಿಟ್ಟು ಓಡಿ ಬರಬೇಡ. ಕೈಯಲ್ಲಿಟ್ಟು, ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತ್ಕೋ. ಅಳಲಿ ಅವಳು."

ಮುಂದೆ ಪ್ರಯೋಗಾಲಯದಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದವರು ಅಲ್ಲಿಯ ಮುಖ್ಯಸ್ಥೆ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ದೊಡ್ಡಮ್ಮ ಎರಡು ಉಂಗುರಗಳನ್ನೂ ಅವರ ಮುಂದಿಟ್ಟು, "ಪರಿಚಯದವರದು ಮೇಡಂ. ಈ ಹೊಳೆಯೋದು ಯಾವ ಕಡೆಯ ಬೆಳ್ಳಿ ಅಂತ ಗೊತ್ತಾಗುತ್ತಾ?" ಎಂದಳಂತೆ. ಮೇಡಂ ಎರಡನ್ನೂ ಮಿಷನ್ ಕೆಳಗಿಟ್ಟು, ಪರದೆಯ ಸಾಲುಗಳನ್ನು ಕೊನೆಯವರೆಗೂ ನೋಡುತ್ತ ಹೋದರು.

"ಅರೇ, ಎರಡರಲ್ಲೂ ಚಿನ್ನ ಇದೆಯಲ್ರೀ! ಬೆಳ್ಳೀಲಿ ತಾನಾಗಿ ಇರೋಷ್ಟಲ್ಲ, ಯಾರೋ ಹಾಕಿದ ಹಾಗಿದೆ. ಬೆಳ್ಳಿಗೆ ಎಷ್ಟು ಚಿನ್ನ ಅನ್ನೋ ಲೆಕ್ಕ ಎರಡರಲ್ಲೂ ಒಂದೇ. ಹುಳಿ ಹಾಕಿ ಉಜ್ಜಿದ್ರೆ ತಾಮ್ರ ಬಿಟ್ಟುಹೋಗುತ್ತೆ, ಚಿನ್ನ ಎಲ್ಲಿಗೆ ಹೋಗುತ್ತೆ? ಇವೆರಡೂ ಒಂದೇ ಮೂಸೇಲಿ ಹುಟ್ಟಿದ್ದು, ಅವಳಿ ಮಕ್ಕಳು!" ಮೇಡಂಗೆ ಖುಷಿ. ಅಂಥ ಜೋಡಿ ಸಿಗುವುದು ಅಪರೂಪ. ನಗುತ್ತಲೇ ದೊಡ್ಡಮ್ಮನ ಮಾತನ್ನು ದೊಡ್ಡಮ್ಮನಿಗೇ ತಿರುಗಿಸಿದರು. "ಇದನ್ನ ತೊಳೆದವರು ಯಾರು?"

ಊರಿಗೆಲ್ಲ ಕೇಳುತ್ತಿದ್ದ ಪ್ರಶ್ನೆಯನ್ನು ದೊಡ್ಡಮ್ಮ ಒಂದೇ ಒಂದು ಸಲ ಕೇಳಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಅಡುಗೆಮನೆಯ ಕಟ್ಟೆಯ ಮೇಲೆ ವಾರವಾರವೂ ಅವಳ ಕಣ್ಣೆದುರೇ ಆ ನಿಂಬೆಹೋಳು ಇರುತ್ತಿತ್ತು. ಮೇಲಿನ ಎರಡು ಸಾಲು ನೋಡಿ, ಬೇಕಾದ ಉತ್ತರ ಸಿಕ್ಕಿದ್ದೇ ತಡ, ಮಿಷನ್ ಆರಿಸಿ ಓಡಿ ಬಂದಿದ್ದಳು. ನಾನಾಗಿದ್ದರೂ ಹಾಗೇ ಓಡಿ ಬರುತ್ತಿದ್ದೆ. "ನಮ್ಮಮ್ಮ" ಎಂದಷ್ಟೇ ಮೇಡಂಗೆ ಉತ್ತರ ಕೊಟ್ಟು ಉಂಗುರಗಳನ್ನು ತೆಗೆದುಕೊಂಡಳಂತೆ.

ಮಧ್ಯಾಹ್ನವೇ ಮನೆಗೆ ಬಂದಳು. ಅಜ್ಜಿ ಚಾಪೆಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ನಾನು ಕಿಟಕಿಯ ಹತ್ತಿರ ಉತ್ತರಪತ್ರಿಕೆ ತಿದ್ದುತ್ತಿದ್ದೆ. ದೊಡ್ಡಮ್ಮ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಅಜ್ಜಿಯ ಪಕ್ಕದಲ್ಲಿ ಕೂತಳು.

"ಏನೇ ಇಷ್ಟು ಬೇಗ? ಸಿಕ್ಕಿದ್ಳಾ ಆ ತಾಯಿ?"

"ಸಿಕ್ಕಿದ್ಳು."

"ಪಾಪ! ಕೈಯಲ್ಲೇ ಕೊಟ್ಟೆ ತಾನೆ?"

ದೊಡ್ಡಮ್ಮ ಅಜ್ಜಿಯ ಕೈ ಹಿಡಿದು, ಅಂಗೈಗೆ ಅಂಟಿದ್ದ ಬಟಾಣಿ ಸಿಪ್ಪೆಯನ್ನು ಒಂದೊಂದಾಗಿ ತೆಗೆದಳು. ಹೊಳೆಯುವ ಉಂಗುರವನ್ನು ಆ ಅಂಗೈಯಲ್ಲಿಟ್ಟಳು. ತನ್ನ ಬೆರಳಿನ ಮಂಕು ಉಂಗುರವನ್ನೂ ಬಿಚ್ಚಿ ಅದರ ಪಕ್ಕದಲ್ಲಿಟ್ಟಳು.

"ಅಮ್ಮಾ, ನಿನ್ನ ಓಲೆ ಸಿಕ್ತು."

ಅಜ್ಜಿಯ ಮುಖ ಅರಳಿತು. ಎಷ್ಟು ವರ್ಷದ ಜಗಳ ಅದು! "ನಾನು ಹೇಳಿರ್ಲಿಲ್ವಾ? ಮೂಸೆಗೇ ಬಿತ್ತು ಅಂತ ಬಾಯಿ ಬಡ್ಕೊಂಡೆ, ಒಬ್ಬರಾದ್ರೂ ನಂಬಿದ್ರಾ? ಎಲ್ಲಿತ್ತು?"

"ನನ್ನದ್ರಲ್ಲೂ ಇದೆ. ಇದ್ರಲ್ಲೂ ಇದೆ."

ಗೆದ್ದ ನಗು ಅಜ್ಜಿಯ ಮುಖದ ಮೇಲೆ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು. ಅದನ್ನು ನೋಡಲಾರದೆ ನಾನು ಕಿಟಕಿಯ ಕಡೆ ತಿರುಗಿದೆ. ಕೆಳಗೆ ಅಂಗಡಿಯಲ್ಲಿ ಯಾರೋ ಸೈಕಲ್ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು. ಆಮೇಲೆ ಅಜ್ಜಿ ಅತ್ತ ಸದ್ದು ಕೇಳಿತು. ಅದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮಡಿಲಿನ ಬಟಾಣಿ ಕೋಣೆಯ ತುಂಬ ಚೆಲ್ಲಿತು. ಆರಿಸೋಣ ಎಂದು ನಾನು ಎದ್ದೆ. ದೊಡ್ಡಮ್ಮ ಏಳಬಹುದು ಎಂದುಕೊಂಡೆ, ಚೆಲ್ಲಿದ್ದನ್ನು ಕಂಡರೆ ಅವಳಿಗೆ ಆಗದು.

"ನೀನು ಏಳಬೇಡ" ಎಂದಳು ಅಜ್ಜಿ, ಅವಳ ತೋಳು ಹಿಡಿದುಕೊಂಡು.

ದೊಡ್ಡಮ್ಮ ಕತ್ತಲಾಗುವವರೆಗೂ ಏಳಲಿಲ್ಲ.