ಬಾಯಿಗೆ ಬಾರದ ಹೆಸರು

ಚಹಾ ಸೋಸುವ ಸಾಧನದ ಹೆಸರು ಈ ಬೆಳಿಗ್ಗೆ ನನಗೆ ಮರೆತುಹೋಯಿತು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ಮಹಾಪಂಡಿತನಾದ ನಾನು ಅಡುಗೆಮನೆಯಲ್ಲಿ ನಿಂತು 'ಅದು, ಅದೇ' ಎಂದು ಗಾಳಿಯಲ್ಲಿ ಕೈಯಾಡಿಸುತ್ತಿದ್ದರೆ, ಹೆಂಡತಿ ತಿರುಗಿಯೂ ನೋಡದೆ ಜರಡಿಯನ್ನು ಕೈಗಿಟ್ಟಳು. ನನ್ನ ನಾಲಗೆಗೆ ದಕ್ಕದ ಪದ ಅವಳ ಮನಸ್ಸನ್ನು ಹೇಗೆ ತಲುಪಿತು, ನೀವೇ ಹೇಳಿ. ಲೋಟ ಹಿಡಿದು ಅದನ್ನೇ ಯೋಚಿಸುತ್ತ ಕೂತವನ ಅರೆಮುಚ್ಚಿದ ಕಣ್ಣೊಳಗೆ ಹೊನ್ನವಳ್ಳಿಯ ತೆಂಗಿನ ತೋಟದ ನೆರಳು ಹರಡಿಕೊಂಡಿತು. ಆ ನೆರಳಿನಿಂದ ನನ್ನ ಸೋದರತ್ತೆ ಗೌರಮ್ಮ ನಿಧಾನವಾಗಿ ನಡೆದುಬಂದರು.

ತೊಂಬತ್ತರ ದಶಕದ ಕೊನೆಯಲ್ಲಿ ಅತ್ತೆಗೆ ಲಕ್ವ ಹೊಡೆದು, ಬಲಗೈ ಬಿದ್ದು, ಮಾತೆಲ್ಲ ಹೋಗಿ ಒಂದೇ ಪದ ಉಳಿಯಿತು: ಕೊಬ್ಬರಿ. ನೀರೂ ಕೊಬ್ಬರಿ, ಚಮಚವೂ ಕೊಬ್ಬರಿ, ನೋಡಲು ಹೋದ ನಾನೂ ಕೊಬ್ಬರಿ. ಆದರೂ ದನಿಯ ಏರಿಳಿತ ಕೇಳಿಯೇ ಇದು ಬಾಯಾರಿಕೆಯ ಕೊಬ್ಬರಿ, ಇದು ಸಿಟ್ಟಿನ ಕೊಬ್ಬರಿ ಎಂದು ಮನೆಯವರು ತಿಳಿಯುತ್ತಿದ್ದರು. ಅಟ್ಟದ ತುಂಬ ಕಾಯಿ ಒಣಗಿಸಿ ಬದುಕಿದವರ ಬಾಯಲ್ಲಿ ಇನ್ನೇನು ಉಳಿದೀತು ಎಂದು ನಗುತ್ತಿದ್ದೆವು.

ತಿಪಟೂರಿಗೆ ಹೊಸದಾಗಿ ಬಂದಿದ್ದ ದೂರದೂರಿನ ಡಾಕ್ಟರು, ಅತ್ತೆಯ ಗಂಡ ಚನ್ನಬಸಪ್ಪ ಮಾವನನ್ನು ತೋರಿಸಿ, "ಇವರ ಹೆಸರೇನಮ್ಮ?" ಎಂದರು. ಅತ್ತೆ ಕೊಬ್ಬರಿ ಎಂದೂ ಅನ್ನಲಿಲ್ಲ. ತುಟಿ ಬಿಗಿದು ನೆಲ ನೋಡಿದರು. "ಗಂಡನ ಗುರುತೇ ಉಳಿದಿಲ್ಲ" ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಂಡರು. ಗಂಡನ ಹೆಸರನ್ನು ಅತ್ತೆ ಜನ್ಮದಲ್ಲಿ ಆಡಿದವರಲ್ಲವೆಂದು ನಮಗೇನೋ ಗೊತ್ತಿತ್ತು. ಆದರೆ ಹೇಳದವರು ಯಾರು, ಮರೆತವರು ಯಾರು ಎಂದು ಹೊರಗೆ ನಿಂತು ತಿಳಿಯುವುದು ಹೇಗೆ? ಮಾವ ಊರು ಮುಟ್ಟುವವರೆಗೆ ಅತ್ತೆಯ ಮುಖವನ್ನೇ ನೋಡುತ್ತ ಕೂತಿದ್ದರು. ನನಗೂ ಭಯವಾಯಿತು.

ಮಾರನೆಯ ಮಧ್ಯಾಹ್ನ ಮಾವ ಜಗಲಿಯಲ್ಲಿ ಅತ್ತೆಯ ಎದುರು ಕೂತರು. "ಒಂದ್ಸಲ ಹೇಳ್ಬುಡು ಕಣೇ, ಯಾರೂ ಏನೂ ಅನ್ನಲ್ಲ."

ಅತ್ತೆ ಮುಖ ತಿರುಗಿಸಿದರು.

"ಹೋಗ್ಲಿ ಬುಡು, ನಾನೇ ಹೇಳ್ತೀನಿ. ನನ್ನೆಸ್ರು ರಂಗಪ್ಪ ಅಲ್ವಾ?"

ಅಲ್ಲವೆಂದು ತಲೆಯಾಡಿಸಿದರು.

"ತಿಮ್ಮಯ್ಯನಾ?"

ಅಲ್ಲ.

"ಮತ್ತೆ, ಬೋರಣ್ಣನಾ?"

ಅತ್ತೆ ಸೊಟ್ಟಬಾಯಲ್ಲೇ ನಕ್ಕುಬಿಟ್ಟರು.

ಮಾವ ಮುಂದಕ್ಕೆ ಬಾಗಿದರು. "ಚನ್ನಬಸಪ್ಪನಾ?"

ಅತ್ತೆ ಎಡಗೈಯಿಂದ ಸೆರಗನ್ನು ತಡಕಿ ಎಳೆದು, ನಿನ್ನೆ ಮೊನ್ನೆ ಮನೆ ತುಂಬಿದ ಸೊಸೆಯಂತೆ, ತಲೆಯ ಮೇಲೆ ಹೊದ್ದುಕೊಂಡರು.