ಮಾಳಪ್ಪನ ಹೆಸರು ಬರೆಯಲು ಬೀಳಗಿಗೆ

ಬೆಳಿಗ್ಗೆ ಏಳಕ್ಕೆ ಬನಹಟ್ಟಿಯಲ್ಲಿ ಬಸ್ಸು ಹತ್ತಿದೆ. ಜಮಖಂಡಿ ಸ್ಟ್ಯಾಂಡಿನಲ್ಲಿ ವಕೀಲೆ ಸುನಂದಕ್ಕ ಕಾಯುತ್ತಿದ್ದರು. ನಾನು ಅವರ ಗುಮಾಸ್ತ. ಅಲ್ಲಿಂದ ಮುಧೋಳದ ಬಸ್ಸು. ಅಕ್ಕನದು ಸೊನ್ನೆ ಟಿಕೆಟ್ಟು, ಗಂಡಸಾಗಿ ಹುಟ್ಟಿದ ತಪ್ಪಿಗೆ ನನ್ನದು ಪೂರಾ. ಕಂಡಕ್ಟರ್ ಮೂಗಿನಿಂದ ಊರುಗಳ ಹೆಸರು ಕೂಗಿದಂತೆಲ್ಲ ನಾನೂ ಹಿಂದಿನಿಂದ ಅದೇ ದನಿಯಲ್ಲಿ ಕೂಗಿದೆ. ಅಜ್ಜನೊಬ್ಬ ನನ್ನ ಕಡೆಗೇ ರೊಕ್ಕ ಚಾಚಿದ. ಅಕ್ಕ ಮಾತ್ರ ನಗಲಿಲ್ಲ. ನಾವು ಹೊರಟಿದ್ದು ನನ್ನದೇ ತಪ್ಪನ್ನು ತಿದ್ದಲು.

ಬೀಳಗಿಯ ಕಡೆ ಕುರಿ ಕಾಯುವ ಕೆಂಚವ್ವನ ಗಂಡನನ್ನು ಇಬ್ಬರು ಪೊಲೀಸರು ವಿಚಾರಣೆಯೆಂದು ಜೀಪಿನಲ್ಲಿ ಕರೆದೊಯ್ದು ಮೂರು ತಿಂಗಳಾಗಿತ್ತು. ಆತ ಮರಳಿರಲಿಲ್ಲ. ಅಂಥವನನ್ನು ಕರೆತಂದೇ ಇಲ್ಲವೆಂದು ಠಾಣೆಯಲ್ಲಿ ಹೇಳಿದ್ದರಂತೆ. ಆಕೆ ನಮ್ಮಲ್ಲಿಗೆ ಬಂದ ದಿನ ಅಕ್ಕ ಕೋರ್ಟಿನೊಳಗಿದ್ದರು, ದೂರು ಬರೆದವನು ನಾನು. ಯಾರನ್ನು ಒಯ್ದರೆಂದು ಕೇಳಿದರೆ "ಬೀರಪ್ಪನ ಅಪ್ಪನ್ನ" ಎಂದಳು. ಗಂಡನ ಹೆಸರು ಎತ್ತಬಾರದೆಂದು ಮಗನ ಹೆಸರು ಹಿಡಿದಿದ್ದಳು. ನನ್ನವ್ವ ಮದುವೆಯಾದಾಗಿನಿಂದ ಮಾಡುತ್ತಿರುವುದೂ ಇದನ್ನೇ. ಆದರೂ ಚಹಾ ಆರೀತೆಂಬ ಅವಸರದಲ್ಲಿ ಈ ಜಾಣ 'ಬೀರಪ್ಪ ಎಂಬುವರನ್ನು' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದ. ಪೊಲೀಸರಿಂದ ಉತ್ತರ ಬಂತು: ಬೀರಪ್ಪ ಹಾಸ್ಟೆಲಿನಲ್ಲಿ ಓದುತ್ತಿದ್ದಾನೆ, ದೂರು ಮುಕ್ತಾಯ. ಹೊಸ ಹೇಳಿಕೆ ಹೋಗದೆ ಆಕೆಯ ಗಂಡನನ್ನು ಯಾರೂ ಹುಡುಕುವಂತಿರಲಿಲ್ಲ.

ಮುಧೋಳದಲ್ಲಿ ಇಳಿದಾಗ ಬಿಸಿಲು ಚುರುಗುಡುತ್ತಿತ್ತು. ಗಿರ್ಮಿಟ್ಟು, ಮಿರ್ಚಿ ತಿನ್ನುತ್ತ ಅಕ್ಕ ಪಾಠ ಹೇಳಿದರು. ಕೆಂಚವ್ವ ಕಣ್ಣಾರೆ ಕಂಡದ್ದು ಒಂದು ಹಾಳೆಗೆ, ಮಂದಿಯಿಂದ ಕೇಳಿದ್ದು ಇನ್ನೊಂದಕ್ಕೆ. ನನ್ನ ಚೆಂದದ ಮಾತು ಯಾವ ಹಾಳೆಗೂ ಬೇಡ. ಹೆಸರನ್ನು ರೇಷನ್ ಕಾರ್ಡಿನಿಂದ ಇಳಿಸಿಕೊಂಡರಾಯಿತಲ್ಲ ಎಂದೆ.

"ಕಾರ್ಡ್ ಬ್ಯಾರೆ ಹಚ್ಚೂಣು. ಹೇಳಿಕಿಯೊಳಗ ಆಕಿ ಬಾಯಿಂದ ಬಂದದ್ದಷ್ಟ ಇರಬೇಕು. ಒಮ್ಮೆ ಆಕಿ ಬದಲಿ ನೀ ಮಾತಾಡಿ ಏನಾತು, ನೋಡಿದೆಲ್ಲ."

ನಾನು ಕೈ ಒರೆಸಿಕೊಂಡು ಎರಡು ಹಾಳೆ ಬೇರೆ ಬೇರೆ ತೆಗೆದಿಟ್ಟೆ.

ಬೀಳಗಿಗೆ ಮತ್ತೊಂದು ಬಸ್ಸು, ಅಲ್ಲಿಂದ ಟಂಟಂ ಆಟೊದಲ್ಲಿ ಅರ್ಧ ಗಂಟೆ. ಕಬ್ಬು ಕಡಿದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದರು. ಕೆಂಚವ್ವ ನೀರು ಕೊಟ್ಟಳು, ರೊಟ್ಟಿ ಮೊಸರು ಕೊಟ್ಟಳು. ನಾನು ತಪ್ಪು ಒಪ್ಪಿಕೊಂಡೆ.

"ಗಂಡನ್ನ ಹುಡುಕಿ ಕೊಡಂದ್ರ ಮಗನ್ನೂ ಕಳದ್ಯಲ್ಲೋ ತಮ್ಮಾ," ಎಂದಳು.

ಆಕೆಗೆ ತಾರೀಕು ಗೊತ್ತಿರಲಿಲ್ಲ. ಎಳ್ಳ ಅಮಾವಾಸ್ಯೆಯಾಗಿ ನಾಲ್ಕನೆಯ ದಿನ, ಕುರಿ ಕೆರೆಯಾಚೆಯ ಹೊಲದಲ್ಲಿದ್ದವು, ಮರಿಗಳನ್ನು ಹಾಲಿಗೆ ಬಿಡುವ ಹೊತ್ತು ಎಂದಳು. ಅಕ್ಕ ಹಾಗೆಯೇ ಬರೆಸಿ, ಕ್ಯಾಲೆಂಡರ್ ನೋಡಿ ಪಕ್ಕದಲ್ಲಿ ತಾರೀಕು ಹಾಕಿಸಿದರು. ಜೀಪನ್ನು ಕಂಡವಳು ಆಕೆ. ಅದು ದೊಡ್ಡ ರಸ್ತೆಗೆ ತಿರುಗಿತೆಂದವನು ನೆರೆಯ ಕುರಿಗಾಹಿ. ಅದು ಬೇರೆ ಹಾಳೆಗೆ ಹೋಯಿತು.

ಹೆಸರಿನ ಮಾತು ಬಂದಾಗ ಸೆರಗು ಬಾಯಿಗೆ ಹೋಯಿತು. ಅಕ್ಕ ಒತ್ತಾಯ ಮಾಡಲಿಲ್ಲ. ಮದುವೆಯಲ್ಲಿ ಹೊಸಿಲು ದಾಟುವಾಗ ಗಂಡನ ಹೆಸರಿಟ್ಟು ಒಡಪು ಹೇಳಿದ್ದೆಯಲ್ಲ, ಅದನ್ನೇ ಹೇಳು ಎಂದರು. ಕೆಂಚವ್ವ ಕುರಿಗಳತ್ತ ಮುಖ ತಿರುವಿದಳು.

"ಹೊತ್ತ ಮುಳಗತೈತಿ, ಕುರಿ ಹಟ್ಟಿಗಿ ಬರತಾವ, ಮಾಳಪ್ಪ ಬರೂತನಕ ಮರಿ ದಾರಿ ಕಾಯತಾವ."

ಅಂದು ಮದುವೆಮನೆಯವರೆಲ್ಲ ನಕ್ಕಿದ್ದರಂತೆ. ನಾನು ತಲೆ ಎತ್ತದೆ ಬರೆದುಕೊಂಡೆ.

ಹೆಬ್ಬೆಟ್ಟು ಒತ್ತಿಸುವ ಮೊದಲು ಬರೆದದ್ದನ್ನು ಓದಿ ಹೇಳಬೇಕು. ಯಾರ ಮಾತು ಓದಿದರೂ ಅವರದೇ ದನಿ ನನ್ನ ಗಂಟಲಿಗೆ ಏರಿ ಬರುತ್ತದೆ. ಆ ಹೊತ್ತು ಅದನ್ನು ಒಳಗೇ ಹಿಡಿದೆ. 'ಗಂಡನ ಹೆಸರು ಮಾಳಪ್ಪ' ಎಂಬಲ್ಲಿ ಆಕೆ ಕೈ ಅಡ್ಡ ಮಾಡಿದಳು. ಮತ್ತೇನು ತಪ್ಪಿತೋ ಎಂದು ಹೆದರಿದೆ.

"ತಪ್ಪಿಲ್ಲ. ಅದೊಂದ ಸಾಲು ಇನ್ನೊಮ್ಮೆ ಓದು. ನಾ ಅಂತೂ ಕರಿಯೂಹಂಗಿಲ್ಲ. ಈ ಮೂರ ತಿಂಗಳಾಗ ಮಂದೀನೂ ಹೆಸರ ತಗಿಯೂದು ಬಿಟ್ಟಾರ."

ಓದಿದೆ. ಕೇಳುವ ಮೊದಲೇ ಮತ್ತೊಮ್ಮೆ ಓದಿದೆ.

ಕಾರ್ಬನ್ ಪ್ರತಿ ಕೊಟ್ಟಾಗ, ಹೆಸರು ಎಲ್ಲಿದೆ ತೋರಿಸು ಎಂದಳು. ಆಕೆಗೆ ಓದು ಬಾರದು. ತೋರಿಸಿದೆ, ಅದರ ಮೇಲೆ ಬೆರಳಿಟ್ಟಳು. ಟಂಟಂ ರಸ್ತೆಗೇರಿದ ಮೇಲೆ ತಿರುಗಿ ನೋಡಿದೆ. ಕುರಿಗಳು ಸುತ್ತ ಮುಗಿಬಿದ್ದಿದ್ದರೂ ಕೆಂಚವ್ವ ಹಾಳೆ ಹಿಡಿದು ನಿಂತೇ ಇದ್ದಳು. ಬೆರಳು ಇನ್ನೂ ಅಲ್ಲೇ ಇತ್ತು.