ಇಬ್ಬರಿಗೂ ಒಂದೇ ಕಟಿಂಗ್ ಮಷೀನು

ಬೀದಿಯವರಿಗೆಲ್ಲ ಅವಳು ರಟ್ಟಿನಕ್ಕ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಬೈಂಡಿಂಗ್ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಮೂಲೆಯಲ್ಲಿ ಕೂತ ಅತ್ತೆ ಹಾಳೆ ಮಡಚಿಕೊಡುತ್ತಿದ್ದರು, ಇವಳು ಹೊಲಿದು, ಅಂಟು ಬಳಿದು, ಅಂಚು ಕತ್ತರಿಸುತ್ತಿದ್ದಳು.

ಶಾಲೆ ತೆರೆಯಲು ಮೂರು ವಾರವಿತ್ತು. ಎರಡು ಸಾವಿರ ನೋಟ್‌ಬುಕ್ಕಿನ ಆರ್ಡರು ಕೈಯಲ್ಲಿದ್ದಾಗಲೇ ಅವಳ ಕಟಿಂಗ್ ಮಷೀನಿನ ಎರಕದ ತೋಳು ಬಿರುಕುಬಿಟ್ಟಿತು. ಮೆಕ್ಯಾನಿಕ್ ತಟ್ಟಿ ನೋಡಿ, "ಬೆಸುಗೆ ನಿಲ್ಲಲ್ಲಕ್ಕಾ, ಹೊಸದೇ ತಗೊಳ್ಳಿ" ಎಂದು ಕೈತೊಳೆದುಕೊಂಡ. ಹೊಸದರ ಬೆಲೆಗೆ ಇಡೀ ಅಂಗಡಿ ಮಾರಿದರೂ ಸಾಲದು.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ" ಎಂದರು ಅತ್ತೆ.

ನಾಲ್ಕು ದಿನ ಕಟ್ಟುಗಳನ್ನು ಬಾಡಿಗೆ ವ್ಯಾನಿನಲ್ಲಿ ಊರಿನ ಇನ್ನೊಂದು ತುದಿಗೆ ಕಳಿಸಿ ಕತ್ತರಿಸಿ ತಂದಳು. ಲಾಭವನ್ನು ಬಾಡಿಗೆ ನುಂಗಿತು. ಅಂಚುಗಳೋ, ಸೊಟ್ಟ.

ಐದನೆಯ ದಿನ ಹನ್ನೊಂದು ಗಂಟೆಗೆ ಗೋಡೆಯಾಚೆ 'ಧಡ್' ಎಂದು ಬ್ಲೇಡು ಬಿದ್ದ ಸದ್ದು ಕೇಳಿ ಅವಳ ಕೈ ನಿಂತಿತು. ಪಕ್ಕದ ಪ್ರೆಸ್ಸಿನವರ ಕಟಿಂಗ್ ಮಷೀನು! ಅದಕ್ಕೆ ಮುಂಚೆ, ಬೆಳಗಿನ ಹೊತ್ತು, ಅದರ ಸದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಆದರೆ ಆರು ವರ್ಷದ ಹಿಂದೆ ಇವಳ ಬೋರ್ಡು ತಮ್ಮ ಬೋರ್ಡನ್ನು ಮರೆಮಾಡಿತೆಂದು ಪ್ರೆಸ್ಸಿನವರು ಮಾತು ಬಿಟ್ಟಿದ್ದರು.

ಕೈಯಲ್ಲಿದ್ದ ಬ್ರಷ್ಷು ಇಟ್ಟವಳೇ ಎದ್ದು ಹೋದಳು.

"ಯಜಮಾನ್ರೇ, ನನ್ನ ಮಷೀನು ಕೆಟ್ಟುಹೋಯ್ತು. ನಿಮ್ದು ಬೆಳಿಗ್ಗೆಯೆಲ್ಲ ಸುಮ್ನೆ ನಿಂತಿರತ್ತೆ."

"ನಿಂತಿರತ್ತೋ, ಮಲಗಿರತ್ತೋ, ನಿಮಗ್ಯಾಕಮ್ಮ?"

"ಕ್ಯಾಲೆಂಡರಿಗೆ ತಗಡಿನ ಪಟ್ಟಿ ಹಾಕ್ಸೋಕೆ ನೀವು ಹೊರಗೆ ಕಳಿಸ್ತೀರಿ. ಆ ಮಷೀನು ನನ್ನ ಹತ್ರ ಇದೆ. ಎರಡು ತಿಂಗಳು ಕೆಲಸ ಮಾಡತ್ತೆ, ಹತ್ತು ತಿಂಗಳು ಧೂಳು ತಿನ್ನತ್ತೆ. ನನ್ನದು ನೀವು ಬಳಸಿ, ನಿಮ್ದು ನಾನು ಬಳಸ್ತೀನಿ. ಸಾಣೆ, ಕರೆಂಟು ಅರ್ಧರ್ಧ."

ಅವರು ಕನ್ನಡಕ ಏರಿಸಿದರು. "ಮತ್ತೆ ಆ ಬೋರ್ಡು?"

ಅವಳು ಅವರದೇ ಏಣಿ ಎತ್ತಿಕೊಂಡು ಹೊರಗೆ ಬಂದು ಹತ್ತಿ ಬೋರ್ಡಿನ ಮೊಳೆ ಕೀಳತೊಡಗಿದಳು.

"ಅಯ್ಯೋ, ಇಳೀರಮ್ಮ, ಬಿದ್ದುಬಿಟ್ಟೀರಿ!" ಎಂದು ಓಡಿಬಂದು ಏಣಿ ಹಿಡಿದುಕೊಂಡರು. ಮರುದಿನ ಬೆಳಿಗ್ಗೆ ಏಳಕ್ಕೆ ಪ್ರೆಸ್ಸಿನ ಬಾಗಿಲು ಅವಳಿಗಾಗಿ ತೆರೆಯಿತು.

ಒಂದು ವಾರ ಎಲ್ಲ ಸುಸೂತ್ರ. ಎಂಟನೆಯ ದಿನ ಕಟ್ಟಿನೊಳಗೆ ಉಳಿದಿದ್ದ ಪಿನ್ನೊಂದು ಬ್ಲೇಡಿಗೆ ಸಿಕ್ಕಿ ಅದರ ಬಾಯಿ ಮುಕ್ಕಾಯಿತು. ಬೀಗದಕೈ ಅವಳ ಬಳಿಯೇ ಇತ್ತು, ಪ್ರೆಸ್ಸಿನವರು ಇನ್ನೂ ಬಂದಿರಲಿಲ್ಲ.

"ಹೇಳ್ಬೇಡ. ಅವರ ಕಣ್ಣು ಹೇಗೂ ಮಂಜು" ಎಂದರು ಹಾಳೆ ಜೋಡಿಸಿಕೊಡಲು ಜೊತೆಗೆ ಬಂದಿದ್ದ ಅತ್ತೆ.

"ಅವರಿಗೆ ಕಾಣದಿದ್ರೂ ಕಾಗದಕ್ಕೆ ಕಾಣತ್ತೆ, ಅತ್ತೆ."

ಅವರು ಬಂದೊಡನೆ ಮುಕ್ಕು ತೋರಿಸಿದಳು. ಬ್ಲೇಡನ್ನು ಎರಡು ಹಲಗೆಗಳ ನಡುವೆ ಕಟ್ಟಿಕೊಂಡು ತಾನೇ ಸಾಣೆ ಹಿಡಿಸಲು ಹೋದಳು. ಅವರು ಅರ್ಧ ದುಡ್ಡು ಕೊಡಲು ಬಂದಾಗ, "ತಪ್ಪು ನಂದು, ಇದರಲ್ಲಿ ಪಾಲಿಲ್ಲ" ಎಂದಳು. ಅವರು ಆ ದಿನವೆಲ್ಲ ಮುಖ ಗಂಟಿಕ್ಕಿಕೊಂಡೇ ಇದ್ದರು. ಮರುದಿನ ಮಾತ್ರ ಹೊಸ ಬ್ಲೇಡೊಂದು ಮೇಜಿನ ಮೇಲಿತ್ತು. "ಒಂದು ಸಾಣೆಗೆ ಹೋದ್ರೆ ಇನ್ನೊಂದು ಇರ್ಲಿ. ಇದು ಅರ್ಧರ್ಧ" ಎಂದರು, ಅವಳತ್ತ ನೋಡದೆಯೇ.

ಎದುರಂಗಡಿಯಲ್ಲಿ ರಟ್ಟಿನ ಡಬ್ಬಿ ತಯಾರಿಸುವವನು ಇದನ್ನೆಲ್ಲ ನೋಡುತ್ತಿದ್ದ. "ಅಕ್ಕಾ, ನನ್ನ ವ್ಯಾನು ಅರ್ಧ ಖಾಲಿ ಹೋಗತ್ತೆ, ಶಾಲೆ ಮುಂದೇನೇ. ಡಬ್ಬಿ ರಟ್ಟು ಕತ್ತರಿಸೋಕೆ ನನಗೂ ಒಂದು ಗಂಟೆ ಕೊಡ್ಸಿ" ಎಂದ. ಅವಳು ಕೊಡಿಸಿದಳು. ನೋಟ್‌ಬುಕ್ಕುಗಳು ಎರಡು ದಿನ ಮೊದಲೇ ಶಾಲೆ ಸೇರಿದವು.

ಬಿರುಕುಬಿಟ್ಟ ಮಷೀನನ್ನು ಗುಜರಿಗೆ ಹಾಕಿದಾಗ ಅವಳ ಕಣ್ಣು ತುಂಬಿತು. ಅದು ಗಂಡ ತಂದದ್ದು. ಆದರೂ ಜಾಗ ಖಾಲಿ ಬಿಡಲಿಲ್ಲ. ಈಗ ಮೂವರೂ ಸೇರಿ ಕಾಗದ ತರಿಸುತ್ತಾರೆ, ಸಗಟು ದರದಲ್ಲಿ. ಬಂಡಲುಗಳು ಇಳಿಯುವುದು ಆ ಜಾಗದಲ್ಲೇ. ಯಾರ ಬಂಡಲು ಮುಂದೆ, ಯಾರದು ಹಿಂದೆ ಎಂದು ಪ್ರತಿ ಸಲವೂ ಗಂಡಸರಿಬ್ಬರೂ ಕಿತ್ತಾಡುತ್ತಾರೆ. ರಟ್ಟಿನಕ್ಕ ಪೆನ್ಸಿಲು ಕಿವಿಗೆ ಸಿಕ್ಕಿಸಿ, "ಮಾತು ಆಮೇಲೆ, ಮೊದ್ಲು ಎತ್ತಿ" ಎನ್ನುತ್ತಾಳೆ.